ಪದ ಪರಿಚಯ: ಪೇರೆಂಟಲ್ ರೈಟ್ಸ್

ಅಮೆರಿಕದ ಸ್ಕೂಲ್ ಬೋರ್ಡ್ ಸಭೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ, ಕೋರ್ಟಿನ ಅರ್ಜಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ‘ಪೇರೆಂಟಲ್ ರೈಟ್ಸ್’. ಮಗುವನ್ನು ಹೇಗೆ ಬೆಳೆಸಬೇಕು, ಏನು ಓದಿಸಬೇಕು, ಯಾವ ಚಿಕಿತ್ಸೆ ಕೊಡಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ಮೊದಲು ಹೆತ್ತವರದ್ದು, ಸರ್ಕಾರದ್ದು ಆಮೇಲೆ ಎಂಬುದು ಅದರ ತಿರುಳು. ಅಲ್ಲಿನ ಸಂಪ್ರದಾಯವಾದಿ ತಂದೆತಾಯಿ ಶಾಲೆ, ತೆರಿಗೆ, ನ್ಯಾಯಾಧೀಶರ ನೇಮಕ ಎಂದು ಬಿಡಿಬಿಡಿಯಾಗಿ ಆಡುವ ಮಾತುಗಳನ್ನೆಲ್ಲ ಒಂದೆಡೆ ಕಟ್ಟುವುದು ಈ ಪದವೇ. ಕಟ್ಟಿನೊಳಗೆ ನೋಡಿದರೆ ಮೂರು ಬೇರೆ ಬೇರೆ ಹಕ್ಕುಗಳಿವೆ. ಶಾಲೆಯನ್ನು ಆರಿಸುವ ಹಕ್ಕು ಗಟ್ಟಿಯಾದದ್ದು. ಒಂದು ಪಾಠದಿಂದ ಮಗುವನ್ನು ಹೊರಗಿಡುವ ಹಕ್ಕಿಗೆ ಷರತ್ತುಗಳಿವೆ. ಪಾಠವನ್ನೇ ಬದಲಾಯಿಸುವ ಹಕ್ಕು ಕೋರ್ಟಿನಲ್ಲಿ ಹೆಚ್ಚುಕಡಿಮೆ ಇಲ್ಲ. ಸಭೆಯಲ್ಲಿ ಎದ್ದು ನಿಂತವರು ಬಹಳ ಸಲ ಮೊದಲನೆಯದರ ಹೆಸರು ಹೇಳಿ ಮೂರನೆಯದನ್ನು ಕೇಳುತ್ತಿರುತ್ತಾರೆ. ಗೊಂದಲದ ಮೂಲ ಅದೇ.

ಅಮೆರಿಕದ ಸಂವಿಧಾನದಲ್ಲಿ ಹೆತ್ತವರ ಪ್ರಸ್ತಾಪವೇ ಇಲ್ಲ. 1868ರ 14ನೇ ತಿದ್ದುಪಡಿ, ಕಾನೂನಿನ ಕ್ರಮ ಬಿಟ್ಟು ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ರಾಜ್ಯ ಸರ್ಕಾರಗಳು ಕಸಿಯುವಂತಿಲ್ಲ ಎನ್ನುತ್ತದೆ. ಆ ‘ಸ್ವಾತಂತ್ರ್ಯ’ದಲ್ಲಿ ಮಕ್ಕಳನ್ನು ಬೆಳೆಸುವುದೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಅರ್ಥ ಮಾಡಿತು. ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲಿ, ಜರ್ಮನ್ನರ ಮೇಲಿನ ಸಿಟ್ಟು ಇನ್ನೂ ಆರಿರದಾಗ, ಎಂಟನೇ ತರಗತಿ ದಾಟದ ಮಕ್ಕಳಿಗೆ ಬೇರೆ ದೇಶದ ಭಾಷೆ ಕಲಿಸಬಾರದು ಎಂದು ನೆಬ್ರಾಸ್ಕಾ ರಾಜ್ಯ 1919ರಲ್ಲಿ ಕಾನೂನು ಮಾಡಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ ಲೂಥರನ್ ಶಾಲೆಯ ಮೇಷ್ಟರು ರಾಬರ್ಟ್ ಮೇಯರ್‌ಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಒರೆಗಾನ್ ರಾಜ್ಯದ ಮತದಾರರು, 8ರಿಂದ 16 ವರ್ಷದ ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾನೂನಿಗೆ 1922ರಲ್ಲಿ ಒಪ್ಪಿಗೆ ಕೊಟ್ಟಿದ್ದರು. ಕ್ಯಾಥೊಲಿಕ್ ಶಾಲೆಗಳನ್ನು ಮುಚ್ಚಿಸುವುದು ಅದರ ಗುರಿ. ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಬೆಂಬಲಕ್ಕಿತ್ತು. 1925ರ ಪಿಯರ್ಸ್ ಪ್ರಕರಣದಲ್ಲಿ ಕೋರ್ಟ್ ಒಮ್ಮತದಿಂದ ಅದನ್ನೂ ತಳ್ಳಿಹಾಕಿ, ಮಗು ಬರೀ ಸರ್ಕಾರದ ಸೃಷ್ಟಿಯಲ್ಲ ಎಂದಿತು. ಖಾಸಗಿ ಶಾಲೆ ಆರಿಸುವ ಹಕ್ಕು ನಿಂತಿರುವುದು ಈ ತೀರ್ಪಿನ ಮೇಲೆ.

ಇಲ್ಲೊಂದು ಇಕ್ಕಟ್ಟಿದೆ, ಭಾಷಣಗಳಲ್ಲಿ ಅದು ಕೇಳಿಸುವುದು ಅಪರೂಪ. ಸಂವಿಧಾನದಲ್ಲಿ ಬರೆದದ್ದನ್ನಷ್ಟೇ, ಬರೆದ ಕಾಲದ ಅರ್ಥದಲ್ಲೇ ಓದುವ ನ್ಯಾಯಾಧೀಶರು ಬೇಕು ಎಂಬುದು ಸಂಪ್ರದಾಯವಾದಿಗಳ ಹಳೆಯ ಬೇಡಿಕೆ. ಪೋಷಕರ ಹಕ್ಕೋ, ಎಲ್ಲೂ ಬರೆಯದೆ ನ್ಯಾಯಾಧೀಶರು ಗುರುತಿಸಿದ ಹಕ್ಕು. ಗರ್ಭಪಾತಕ್ಕೆ ಅವಕಾಶ ಕೊಟ್ಟ 1973ರ ರೋ ತೀರ್ಪು ಕೂಡ ಮೇಯರ್ ಮತ್ತು ಪಿಯರ್ಸ್ ಪ್ರಕರಣಗಳನ್ನು ಆಧಾರವಾಗಿ ಹೆಸರಿಸಿತ್ತು. 2000ದ ಟ್ರಾಕ್ಸೆಲ್ ಪ್ರಕರಣದಲ್ಲಿ ಈ ಬಿಕ್ಕಟ್ಟು ಬಯಲಿಗೆ ಬಂತು. ತಾಯಿಯ ಇಷ್ಟಕ್ಕೆ ವಿರುದ್ಧವಾಗಿ ಮೊಮ್ಮಕ್ಕಳನ್ನು ನೋಡಲು ಅಜ್ಜ ಅಜ್ಜಿಗೆ ವಾಷಿಂಗ್ಟನ್ ರಾಜ್ಯದ ಕೋರ್ಟ್ ಅವಕಾಶ ಕೊಡಬಹುದೇ ಎಂಬುದು ಪ್ರಶ್ನೆ. ತಾಯಿಯೇ ಗೆದ್ದರು. ಆದರೆ ಸಂಪ್ರದಾಯವಾದಿಗಳ ಆರಾಧ್ಯ ನ್ಯಾಯಮೂರ್ತಿ ಆಂಟೊನಿನ್ ಸ್ಕೇಲಿಯಾ ಭಿನ್ನಮತ ಬರೆದರು: ಹಕ್ಕು ಇದೆ, ನಿಜ, ಆದರೆ ಸಂವಿಧಾನ ಪಟ್ಟಿ ಮಾಡದ ಹಕ್ಕಿನ ಹೆಸರಲ್ಲಿ ಕಾನೂನನ್ನು ಹೊಡೆದುಹಾಕುವ ಅಧಿಕಾರ ನ್ಯಾಯಾಧೀಶರಿಗಿಲ್ಲ. ಅದೇ ಬಣದ ಕ್ಲಾರೆನ್ಸ್ ಥಾಮಸ್ ತಾಯಿಯ ಪರ ನಿಂತರು. ರೋ ತೀರ್ಪನ್ನು ರದ್ದು ಮಾಡಿದ 2022ರ ಡಾಬ್ಸ್ ತೀರ್ಪು, ದೇಶದ ಚರಿತ್ರೆ ಮತ್ತು ಸಂಪ್ರದಾಯದಲ್ಲಿ ಆಳವಾಗಿ ಬೇರೂರಿದ ಹಕ್ಕುಗಳಿಗೆ ಮಾತ್ರ ಇಂಥ ರಕ್ಷಣೆ ಎಂದಿತು. ಪೋಷಕರ ಹಕ್ಕು ಆ ಜರಡಿಯಲ್ಲಿ ಉಳಿಯುತ್ತದೆ ಎಂಬುದು ಈಗಿನ ಸಮಾಧಾನ. ವಾದ ಸರಿಯೇ, ಆದರೆ ಸ್ಕೇಲಿಯಾ ಅವರ ಪ್ರಶ್ನೆಗೆ ಅದು ಉತ್ತರವಲ್ಲ.

ಇನ್ನು ಮಗುವನ್ನು ಪಾಠದಿಂದ ಹೊರಗಿಡುವ ಹಕ್ಕು, ಅಂದರೆ ‘ಆಪ್ಟ್ ಔಟ್’. ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸದ ಆಮಿಶ್ ಎಂಬ ಕ್ರೈಸ್ತ ಪಂಗಡದವರಿಗೆ ವಿಸ್ಕಾನ್ಸಿನ್‌ನಲ್ಲಿ ತಲಾ 5 ಡಾಲರ್ ದಂಡ ಹಾಕಿದ್ದರು. 1972ರ ಯೋಡರ್ ತೀರ್ಪು ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು. ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಾನೂನಿನಿಂದ ಧರ್ಮದ ಕಾರಣಕ್ಕೆ ವಿನಾಯಿತಿ ಕೇಳುವಂತಿಲ್ಲ ಎಂದು 1990ರಲ್ಲಿ ಸ್ಮಿತ್ ಪ್ರಕರಣ ಹೇಳಿದ ಮೇಲೆ ಯೋಡರ್ ಮೂಲೆಗೆ ಸರಿದಂತಿತ್ತು. 2025ರ ಜೂನ್ 27ರಂದು ಮಹಮೂದ್ ಪ್ರಕರಣ ಅದನ್ನು ಮತ್ತೆ ಎದುರಿಗೆ ತಂದಿತು. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಸರ್ಕಾರಿ ಶಾಲೆಗಳು ಸಲಿಂಗ ವಿವಾಹ, ಲಿಂಗ ಗುರುತಿನ ಕಥೆಗಳಿರುವ ಮಕ್ಕಳ ಪುಸ್ತಕಗಳನ್ನು ತಂದು, ಮೊದಲು ಕೊಟ್ಟಿದ್ದ ಆಪ್ಟ್ ಔಟ್ ಸೌಲಭ್ಯವನ್ನು 2023ರಲ್ಲಿ ಹಿಂಪಡೆದಿದ್ದವು. ದಾವೆ ಹೂಡಿದವರಲ್ಲಿ ಮುಸ್ಲಿಮರು, ಕ್ಯಾಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು ಇದ್ದರು. 6–3ರಲ್ಲಿ ಕೋರ್ಟ್, ಪ್ರಕರಣ ಇತ್ಯರ್ಥವಾಗುವವರೆಗೆ ಮುಂಚಿತವಾಗಿ ತಿಳಿಸಬೇಕು, ಮಗುವನ್ನು ಹೊರಗಿಡಲು ಬಿಡಬೇಕು ಎಂದಿತು. ಪುಸ್ತಕಗಳನ್ನು ತೆಗೆದುಹಾಕಿ ಎಂದು ಹೇಳಲಿಲ್ಲ.

ಈ ತೀರ್ಪನ್ನು ನಂಬಿ ಶಾಲೆಗೆ ಪತ್ರ ಬರೆಯುವವರು ಎಡವುವುದು ಎರಡು ಕಡೆ. ಒಂದು, ‘ಈ ವಿಷಯಕ್ಕೆ ಸಂಬಂಧಿಸಿದ ಎಲ್ಲ ಪಾಠಗಳಿಂದ’ ಎಂದು ಬರೆಯುವುದು. ಅದನ್ನು ಶಿಕ್ಷಕರು ಜಾರಿ ಮಾಡಲು ಆಗುವುದಿಲ್ಲ. ಪುಸ್ತಕ, ಘಟಕ ಅಥವಾ ಕಾರ್ಯಕ್ರಮದ ಹೆಸರು, ಮಗುವಿನ ತರಗತಿ, ಅದು ಯಾವ ಧಾರ್ಮಿಕ ನಂಬಿಕೆಗೆ ಹೇಗೆ ಅಡ್ಡಬರುತ್ತದೆ, ಎಷ್ಟು ದಿನ ಮೊದಲು ತಿಳಿಸಬೇಕು, ಆ ಹೊತ್ತಿನಲ್ಲಿ ಮಗುವಿಗೆ ಯಾವ ಬದಲಿ ಕೆಲಸ ಎಂಬ ಐದು ಅಂಶಗಳು ಬರಹದಲ್ಲಿ ಪ್ರಿನ್ಸಿಪಾಲರಿಗೂ ತರಗತಿಯ ಶಿಕ್ಷಕರಿಗೂ ತಲುಪಬೇಕು, ಅದರದೊಂದು ನಕಲು ಮನೆಯಲ್ಲಿರಬೇಕು. ಎರಡು, ಆಕ್ಷೇಪ ರಾಜಕೀಯದ್ದಾಗಿರುವುದು. ಇತಿಹಾಸದ ಪಾಠ ಎಡಪಂಥದ ಕಡೆ ವಾಲಿದೆ ಎನ್ನುವುದಕ್ಕೆ ಮಹಮೂದ್ ತೀರ್ಪಿನ ಆಸರೆಯಿಲ್ಲ. ಅದು ಧರ್ಮಾಚರಣೆಯ ಹಕ್ಕಿನ ಮೇಲೆ ಬಂದದ್ದು. ಲೈಂಗಿಕ ಶಿಕ್ಷಣದ ಮಾತು ಬೇರೆ, ಅದಕ್ಕೆ ಬಹಳ ರಾಜ್ಯಗಳಲ್ಲಿ ಪ್ರತ್ಯೇಕ ಕಾನೂನೇ ಇದೆ, ಕಾರಣ ಹೇಳಬೇಕಾದ್ದೂ ಇರುವುದಿಲ್ಲ.

ಪಾಠವನ್ನೇ ಬದಲಾಯಿಸುವ ಹಕ್ಕಿನ ಬಗ್ಗೆ ಕೆಳಗಿನ ಫೆಡರಲ್ ಕೋರ್ಟುಗಳು ನೇರವಾಗಿವೆ: ಯಾವ ಶಾಲೆ ಎಂದು ಆರಿಸಬಹುದು, ಸರ್ಕಾರಿ ಶಾಲೆ ಹೇಗೆ ಕಲಿಸಬೇಕು ಎಂದು ಒಬ್ಬೊಬ್ಬ ತಂದೆತಾಯಿ ಆದೇಶಿಸುವಂತಿಲ್ಲ. ಅದು ಮತಪೆಟ್ಟಿಗೆಯ ಕೆಲಸ. ವರ್ಜೀನಿಯಾದ 2021ರ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಟೆರಿ ಮೆಕಾಲಿಫ್, ಶಾಲೆಗಳು ಏನು ಕಲಿಸಬೇಕೆಂದು ಪೋಷಕರು ಹೇಳಬಾರದು ಎಂಬರ್ಥದ ಮಾತಾಡಿ ಪೇಚಿಗೆ ಸಿಕ್ಕರು. ಗ್ಲೆನ್ ಯಂಗ್‌ಕಿನ್ ಅದನ್ನೇ ಪ್ರಚಾರದ ಅಸ್ತ್ರ ಮಾಡಿಕೊಂಡು ಗೆದ್ದರು. ಫ್ಲೋರಿಡಾ 2021ರಲ್ಲಿ ಪೋಷಕರ ಹಕ್ಕುಗಳ ಕಾನೂನನ್ನೂ 2022ರಲ್ಲಿ ತರಗತಿಯಲ್ಲಿ ಲೈಂಗಿಕತೆಯ ಚರ್ಚೆಗೆ ಮಿತಿ ಹಾಕುವ ಕಾನೂನನ್ನೂ ತಂದಿತು. ಅಮೆರಿಕದ ಸಂಸತ್ತಿನ ಕೆಳಮನೆ 2023ರ ಮಾರ್ಚ್‌ನಲ್ಲಿ 213–208 ಮತಗಳಿಂದ ಪೋಷಕರ ಹಕ್ಕುಗಳ ಒಂದು ಮಸೂದೆ ಪಾಸು ಮಾಡಿತು, ಸೆನೆಟ್‌ನಲ್ಲಿ ಅದು ಅಲ್ಲೇ ಉಳಿಯಿತು.

ಗದ್ದಲವಿಲ್ಲದೆ ಕೆಲಸ ಮಾಡುವ ಎರಡು ಹಳೆಯ ಫೆಡರಲ್ ಕಾನೂನುಗಳನ್ನು ಯಾರೂ ಅಷ್ಟಾಗಿ ಬಳಸುವುದಿಲ್ಲ. 1974ರ ಫರ್ಪಾ ಪ್ರಕಾರ ಮಗುವಿನ ಶಾಲಾ ದಾಖಲೆಗಳನ್ನು ನೋಡಲು ಕೇಳಿದರೆ 45 ದಿನಗಳೊಳಗೆ ತೋರಿಸಬೇಕು. ತಪ್ಪಿದ್ದರೆ ತಿದ್ದುಪಡಿ ಕೇಳಬಹುದು. 1978ರ ಇನ್ನೊಂದು ಕಾನೂನು ಶಾಲೆಯ ಸಮೀಕ್ಷೆಗಳಿಗೆ ಕಡಿವಾಣ ಹಾಕುತ್ತದೆ. ಮನೆಯವರ ರಾಜಕೀಯ, ಧರ್ಮ, ಆದಾಯ, ಮಾನಸಿಕ ಆರೋಗ್ಯ, ಲೈಂಗಿಕ ನಡವಳಿಕೆ ಸೇರಿದಂತೆ ಎಂಟು ವಿಷಯಗಳ ಪ್ರಶ್ನೆಗಳಿದ್ದರೆ ಮುಂಚಿತವಾಗಿ ತಿಳಿಸಿ ಹೊರಗುಳಿಯಲು ಬಿಡಬೇಕು. ಕೇಂದ್ರ ಶಿಕ್ಷಣ ಇಲಾಖೆಯ ಹಣದಿಂದ ನಡೆಯುವ ಕಡ್ಡಾಯ ಸಮೀಕ್ಷೆಯಾದರೆ ಬರಹದ ಒಪ್ಪಿಗೆಯೇ ಬೇಕು.

ಮನೆಯಲ್ಲೇ ಓದಿಸುವ ಹೋಮ್‌ಸ್ಕೂಲಿಂಗ್ 50 ರಾಜ್ಯಗಳಲ್ಲೂ ಕಾನೂನುಬದ್ಧ, ಆದರೆ ಗಡಿ ದಾಟಿದರೆ ನಿಯಮ ಬೇರೆ. ಟೆಕ್ಸಸ್‌ನಲ್ಲಿ ಅದು ಖಾಸಗಿ ಶಾಲೆಯ ಲೆಕ್ಕ, ನೋಂದಣಿ ಬೇಡ. ನ್ಯೂಯಾರ್ಕ್‌ನಲ್ಲಿ ಜುಲೈ 1ರೊಳಗೆ ಸೂಚನಾ ಪತ್ರ, ಆಮೇಲೆ ಮಗುವಿನ ಬೋಧನಾ ಯೋಜನೆ, ವರ್ಷಕ್ಕೆ ನಾಲ್ಕು ವರದಿ, ಕೊನೆಗೊಂದು ಮೌಲ್ಯಮಾಪನ. ಆರನೇ ತರಗತಿವರೆಗೆ ವರ್ಷಕ್ಕೆ 900 ಗಂಟೆ, ಮುಂದಕ್ಕೆ 990 ಗಂಟೆ ಪಾಠ. ವರ್ಷದ ಮಧ್ಯೆ ಶಾಲೆ ಬಿಡಿಸಿದರೆ 14 ದಿನಗಳೊಳಗೆ ಪತ್ರ ಹೋಗಬೇಕು. ಹೋಗದಿದ್ದರೆ ಮಗು ಗೈರುಹಾಜರಿ ಎಂದೇ ದಾಖಲಾಗುತ್ತಾ ಹೋಗುತ್ತದೆ.

ತೆರಿಗೆ ಇಲ್ಲಿ ಬಂದು ಸೇರುವುದು ಆಸ್ತಿ ತೆರಿಗೆಯ ದಾರಿಯಿಂದ. ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಊರಿನ ಮನೆ, ಜಮೀನಿನ ತೆರಿಗೆಯಿಂದ ಬರುತ್ತದೆ. ಮಗುವನ್ನು ಖಾಸಗಿ ಶಾಲೆಗೆ ಕಳಿಸುವವರು ಅದನ್ನೂ ಕಟ್ಟಿ ಫೀಸನ್ನೂ ಕಟ್ಟುತ್ತಾರೆ. ಶಾಲೆಗೆಂದು ಸರ್ಕಾರ ಕೊಡುವ ದುಡ್ಡು, ಮಗು ಯಾವ ಶಾಲೆ ಸೇರಿದರೂ ಅದರ ಹಿಂದೆ ಹೋಗಲಿ ಎಂಬ ವೋಚರ್ ವಾದವನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಮುಂದಿಟ್ಟಿದ್ದರು. ಮಿಲ್ವಾಕಿ ನಗರದಲ್ಲಿ 1990ರಲ್ಲಿ ಅದು ಶುರುವಾಯಿತು, 2002ರಲ್ಲಿ ಸುಪ್ರೀಂ ಕೋರ್ಟ್ ಧಾರ್ಮಿಕ ಶಾಲೆಗಳಿಗೂ ವೋಚರ್ ಹೋಗಬಹುದು ಎಂದಿತು, 2022ರಲ್ಲಿ ಅರಿಝೋನಾ ರಾಜ್ಯ, ಓದಿನ ಖರ್ಚಿಗೆ ಸರ್ಕಾರದ ದುಡ್ಡು ಜಮಾ ಆಗುವ ಖಾತೆಯನ್ನು ಎಲ್ಲ ಮಕ್ಕಳಿಗೂ ತೆರೆಯಿತು. ಮೊದಲೇ ಖಾಸಗಿ ಶಾಲೆಯಲ್ಲಿದ್ದವರ ಫೀಸನ್ನು ಸರ್ಕಾರ ಕಟ್ಟಿದಂತಾಯಿತು ಎಂಬ ಟೀಕೆಯಲ್ಲಿ ತಥ್ಯವಿದೆ. ಫಾರಂಗೆ ಸಹಿ ಹಾಕುವವರು ನೋಡಬೇಕಾದ್ದು ಬೇರೆ: ವಿಶೇಷ ಅಗತ್ಯದ ಮಗುವನ್ನು ವೋಚರ್ ಮೇಲೆ ಖಾಸಗಿ ಶಾಲೆಗೆ ಸೇರಿಸಿದರೆ, ಸರ್ಕಾರಿ ಶಾಲೆಯಲ್ಲಿ ಕಾನೂನುಬದ್ಧವಾಗಿ ಸಿಗುತ್ತಿದ್ದ ವೈಯಕ್ತಿಕ ಸೇವೆಯ ಹಕ್ಕು ಕೈತಪ್ಪುತ್ತದೆ. ಸರ್ಕಾರದ ದುಡ್ಡಿನ ಹಿಂದೆ ಸರ್ಕಾರದ ಷರತ್ತೂ ಬರುತ್ತದೆ ಎಂದು ದೂರ ನಿಂತ ಹೋಮ್‌ಸ್ಕೂಲ್ ಪೋಷಕರೂ ಇದ್ದಾರೆ, ಅವರೂ ಸಂಪ್ರದಾಯವಾದಿಗಳೇ.

ಫೆಡರಲ್ ಆದಾಯ ತೆರಿಗೆಯಲ್ಲಿ ಇವರ ಬಾಯಲ್ಲಿ ಮೊದಲು ಬರುವುದು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್. ಇದು ಆದಾಯದಿಂದ ಕಳೆಯುವ ಮೊತ್ತವಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುವುದು. 2025ರ ಲೆಕ್ಕಕ್ಕೆ ಮಗುವೊಂದಕ್ಕೆ 2,200 ಡಾಲರ್, ತೆರಿಗೆಯೇ ಬಾರದಿದ್ದರೆ ಕೈಗೆ ಸಿಗುವುದು ಹೆಚ್ಚೆಂದರೆ 1,700. ಗಂಡ ಹೆಂಡತಿ ಸೇರಿ ಸಲ್ಲಿಸುವ ರಿಟರ್ನ್‌ನಲ್ಲಿ ಆದಾಯ 4,00,000 ಡಾಲರ್ ದಾಟಿದರೆ ಪ್ರತಿ ಸಾವಿರಕ್ಕೆ 50 ಡಾಲರ್ ಕಡಿತ. 4,10,000 ಆದಾಯದ, ಇಬ್ಬರು ಮಕ್ಕಳ ಮನೆಗೆ 4,400ರಲ್ಲಿ 500 ಹೋಗಿ 3,900 ಉಳಿಯುತ್ತದೆ. ಡಿಸೆಂಬರ್ 31ಕ್ಕೆ 17 ತುಂಬಿದ ಮಗುವಿಗೆ ಆ ವರ್ಷ ಇದು ಸಿಗದು, ಬದಲಿಗೆ 500 ಡಾಲರ್‌ನ ಬೇರೆ ಕ್ರೆಡಿಟ್. ವಿಚ್ಛೇದನವಾದವರಲ್ಲಿ ಇಬ್ಬರೂ ಒಂದೇ ಮಗುವಿನ ಹೆಸರು ಹಾಕಿ ಸಿಕ್ಕಿಬೀಳುವುದುಂಟು. ಮಗು ಹೆಚ್ಚು ರಾತ್ರಿ ಕಳೆದ ಮನೆಯವರಿಗೇ ಹಕ್ಕು, ಅವರು 8332 ನಂಬರಿನ ಫಾರಂಗೆ ಸಹಿ ಹಾಕಿ ಬಿಟ್ಟುಕೊಟ್ಟರಷ್ಟೇ ಇನ್ನೊಬ್ಬರಿಗೆ. ಓದಿಗೆ ಉಳಿಸುವ 529 ಖಾತೆಯಿಂದ ಶಾಲಾ ಖರ್ಚಿಗೆ ತೆರಿಗೆಯಿಲ್ಲದೆ ತೆಗೆಯಬಹುದಾದ ಮೊತ್ತ 2026ರಿಂದ ವರ್ಷಕ್ಕೆ 10,000ದಿಂದ 20,000 ಡಾಲರ್‌ಗೆ ಏರಿದೆ. ಕ್ಯಾಲಿಫೋರ್ನಿಯಾ ತನ್ನ ರಾಜ್ಯ ತೆರಿಗೆಯಲ್ಲಿ ಇದನ್ನು ಒಪ್ಪುವುದಿಲ್ಲ.

ಪದ ತಿರುಗಿ ಬೀಳುವ ಜಾಗವೂ ಇದೆ. 1944ರ ಪ್ರಿನ್ಸ್ ಪ್ರಕರಣದಲ್ಲಿ, ಒಂಬತ್ತು ವರ್ಷದ ಹುಡುಗಿಯಿಂದ ಬೀದಿಯಲ್ಲಿ ಧಾರ್ಮಿಕ ಪತ್ರಿಕೆ ಹಂಚಿಸಿದ ಚಿಕ್ಕಮ್ಮನ ವಿರುದ್ಧ ಕೋರ್ಟ್ ನಿಂತಿತು: ಮಗುವಿನ ಕ್ಷೇಮಕ್ಕೆ ಸರ್ಕಾರ ಮಧ್ಯೆ ಬರಬಹುದು. ಈಗ ಅದೇ ತರ್ಕ ಸಂಪ್ರದಾಯವಾದಿ ರಾಜ್ಯಗಳ ಕೈಯಲ್ಲಿದೆ. ಅಪ್ರಾಪ್ತರ ಲಿಂಗ ಪರಿವರ್ತನಾ ಚಿಕಿತ್ಸೆಯನ್ನು ಟೆನೆಸೀ ನಿಷೇಧಿಸಿದಾಗ, ಮಗುವಿಗೆ ಚಿಕಿತ್ಸೆ ಕೊಡಿಸುವ ಹಕ್ಕು ತಮ್ಮದೆಂದು ಕೋರ್ಟಿಗೆ ಹೋದವರು ಹೆತ್ತವರೇ. ಕೆಳಗಿನ ಮೇಲ್ಮನವಿ ಕೋರ್ಟ್ ಅವರ ವಾದ ಒಪ್ಪಲಿಲ್ಲ. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ನಿಷೇಧವನ್ನು ಎತ್ತಿಹಿಡಿದದ್ದು ಸಮಾನತೆಯ ಪ್ರಶ್ನೆಯ ಮೇಲೆ ಮಾತ್ರ. ಪೋಷಕರ ಹಕ್ಕಿನ ಪ್ರಶ್ನೆಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಪುಸ್ತಕದ ವಿಷಯಕ್ಕೆ ಹೆತ್ತವರೇ ಮೇಲು ಎಂದವರು ಔಷಧಿಯ ವಿಷಯಕ್ಕೆ ಸರ್ಕಾರವೇ ಮೇಲು ಎನ್ನುವಾಗ, ಇದು ಓದಲ್ಲ, ಮೈಗೆ ಆಗುವ ಹಾನಿ ಎಂಬ ಸಮರ್ಥನೆ ಕೊಡುತ್ತಾರೆ. ಎದುರು ಪಕ್ಷದವರು ಹಾಕುವ ಲೆಕ್ಕ ಇದಕ್ಕೆ ಸರಿಯಾಗಿ ತಲೆಕೆಳಗು.

ಮಗುವಿಗೆ 18 ತುಂಬಿದ ದಿನ ಅಥವಾ ಅದಕ್ಕೂ ಮೊದಲೇ ಕಾಲೇಜು ಸೇರಿದ ದಿನ, ದಾಖಲೆ ನೋಡುವ ಫರ್ಪಾ ಹಕ್ಕು ವಿದ್ಯಾರ್ಥಿಗೇ ಹೋಗುತ್ತದೆ. ಫೀಸು ಕಟ್ಟುವ ತಂದೆತಾಯಿಗೂ ಅಂಕ ತೋರಿಸಬೇಕೆಂಬ ನಿಯಮವಿಲ್ಲ. ತೆರಿಗೆ ರಿಟರ್ನ್‌ನಲ್ಲಿ ಮಗನೋ ಮಗಳೋ ಅವಲಂಬಿತರೆಂದು ದಾಖಲಾಗಿದ್ದರೆ ಕಾಲೇಜು ತೋರಿಸಬಹುದು, ತೋರಿಸಲೇಬೇಕೆಂದಿಲ್ಲ. ಹಾಗಾಗಿ ಸೇರುವಾಗಲೇ ವಿದ್ಯಾರ್ಥಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಆಸ್ಪತ್ರೆಯ ಮಾಹಿತಿಗೆ ಇನ್ನೊಂದು ಪತ್ರ ಬೇರೆ.