ಸಾಲಿಗ್ರಾಮದ ಚಕ್ರ ಕಡಲ ಪ್ರಾಣಿಯದ್ದಾ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಸಾಲಿಗ್ರಾಮ ಇದೆ. ಅದರೊಳಗಿನ ಚಕ್ರ ಸಮುದ್ರದ ಪ್ರಾಣಿಯದ್ದು ಅಂತಾರೆ. ಸಾಲಿಗ್ರಾಮ ಸಿಗುವುದು ಹಿಮಾಲಯದಲ್ಲಿ ಅಲ್ವಾ? ಅಲ್ಲಿಗೆ ಆ ಪ್ರಾಣಿ ಹೇಗೆ ಬಂತು?

ಉತ್ತರ: ಹೌದು, ಚಕ್ರವಿರುವ ಸಾಲಿಗ್ರಾಮಗಳಲ್ಲಿ ಹೆಚ್ಚಿನವು ಅಮೋನೈಟ್ ಎಂಬ ಕಡಲ ಪ್ರಾಣಿಯ ಪಳೆಯುಳಿಕೆ. ಅದು ಬದುಕಿದ್ದ ಕಡಲಿನ ತಳವೇ ಈಗ ಬೆಟ್ಟದ ಮೇಲಿದೆ.

ಸಾಲಿಗ್ರಾಮಕ್ಕೆ ಹೆಸರಾದದ್ದು ನೇಪಾಳದ ಕಾಳಿ ಗಂಡಕಿ ನದಿ. ಮುಕ್ತಿನಾಥದ ಸುತ್ತಮುತ್ತ ಶೇಲ್ ಎಂಬ ಕಪ್ಪು ಪದರಗಲ್ಲು ಇದೆ. ಸುಮಾರು 16ರಿಂದ 14 ಕೋಟಿ ವರ್ಷಗಳ ಹಿಂದೆ ಅದು ಟೆಥಿಸ್ ಎಂಬ, ಈಗ ಇಲ್ಲದ ಸಮುದ್ರದ ತಳದ ಕೆಸರಾಗಿತ್ತು. ಕೆಸರಿನಲ್ಲಿ ಹೂತ ಚಿಪ್ಪಿನ ಸುತ್ತ ಖನಿಜ ಸೇರಿ ಗಟ್ಟಿ ಉಂಡೆಯಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಏಷ್ಯಾಕ್ಕೆ ಗುದ್ದಿತು. ಆ ತಳ ಮಡಚಿಕೊಂಡು ಮೇಲೆದ್ದಿತು. ಈಗ ಶೇಲ್ ಸವೆದ ಹಾಗೆಲ್ಲ ಉಂಡೆಗಳು ನದಿಗೆ ಉರುಳುತ್ತವೆ.

ವಜ್ರಕೀಟ ಎಂಬ ಹುಳು ಕಲ್ಲು ಕೊರೆದು ಚಕ್ರ ಮಾಡಿತು ಅಂತ ಹಿರಿಯರು ಹೇಳುವುದುಂಟು. ಚಕ್ರದ ಹಿಂದೆ ಒಂದು ಜೀವ ಇದೆ ಎಂಬ ಅವರ ಊಹೆ ನನಗೆ ತುಂಬ ಹಿಡಿಸುತ್ತದೆ.

ನಿಮ್ಮ ಸಾಲಿಗ್ರಾಮಕ್ಕೆ ಬಾಯಿ ಇದ್ದರೆ ಟಾರ್ಚ್ ಹಾಕಿ ಒಳಗೆ ನೋಡಿ. ಒಡೆಯುವುದು ಮಾತ್ರ ಬೇಡ. ಸುರುಳಿಯ ಮೇಲೆ ಅಡ್ಡಡ್ಡ ಏಣುಗಳು ಕಾಣಬಹುದು. ಅವು ಚಿಪ್ಪಿನ ಅಚ್ಚು. ಕೆಲವದರಲ್ಲಿ ಚಿನ್ನದ ಬಣ್ಣದ ಮಿನುಗೂ ಇರುತ್ತದೆ. ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಅದು ಬೆಳೆಯುತ್ತದೆ. ಅಂಥ ಕೆಸರಿನಲ್ಲಿ ಅಮೋನೈಟ್ ಬದುಕಿರಲಾರದು. ಮೇಲಿನ ನೀರಿನಲ್ಲಿ ಈಜಾಡಿಕೊಂಡಿದ್ದು, ಸತ್ತ ಮೇಲೆ ಚಿಪ್ಪು ಕೆಳಗಿಳಿದಿರಬೇಕು.

ನೋಡಲು ಬಸವನಹುಳುವಿನಂತಿದ್ದರೂ ಅಮೋನೈಟ್ ಆಕ್ಟೋಪಸ್‌ನ ನೆಂಟ. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುವ ಸ್ಕ್ವಿಡ್‌ಗೂ ನೆಂಟ. ಚಿಪ್ಪಿನೊಳಗೆ ಸಾಲಾಗಿ ಕೋಣೆಗಳು. ಪ್ರಾಣಿ ಇರುತ್ತಿದ್ದದ್ದು ಬಾಯಿಯ ಹತ್ತಿರದ ಕೋಣೆಯಲ್ಲಿ ಮಾತ್ರ. ಬೆಳೆದಂತೆ ಮುಂದೆ ಸರಿದು, ಹಿಂದೆ ಗೋಡೆ ಕಟ್ಟಿಕೊಳ್ಳುತ್ತಿತ್ತು. ಒಂದು ಸಣ್ಣ ಕೊಳವೆ ಹಳೆಯ ಕೋಣೆಗಳ ನೀರು ಹೀರುತ್ತಿತ್ತು. ಆ ಜಾಗಕ್ಕೆ ಅನಿಲ ತುಂಬಿಕೊಂಡು, ಅಷ್ಟು ಭಾರದ ಚಿಪ್ಪು ಹೊತ್ತರೂ ಪ್ರಾಣಿ ಮುಳುಗುತ್ತಿರಲಿಲ್ಲ.

ಏನು ತಿನ್ನುತ್ತಿತ್ತು? ಅಮೆರಿಕದ ಬ್ಯಾಕ್ಯುಲೈಟೀಸ್ ಎಂಬ ನೇರ ಚಿಪ್ಪಿನ ಅಮೋನೈಟಿನ ಬಾಯಿಯನ್ನು ವಿಜ್ಞಾನಿಗಳು ಎಕ್ಸ್-ರೇ ಹಾಯಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಹಲ್ಲುಗಳ ನಡುವೆ ಪುಟ್ಟ ಬಸವನಹುಳುವಿನ ಮರಿ, ಸಿಗಡಿಯ ದೂರದ ಬಳಗದ ಸಣ್ಣ ಜೀವಿಯ ಚೂರು ಕಂಡವು. ಕೊನೆಯ ತುತ್ತು ಹಾಗೇ ಕಲ್ಲಾಗಿತ್ತು!

6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಕಾಲದಲ್ಲೇ ಅಮೋನೈಟ್‌ಗಳೂ ಹೋದವು. ಅವುಗಳ ಮರಿಗಳು ತೀರಾ ಸಣ್ಣವು. ನೀರಿನ ಮೇಲ್ಭಾಗದಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಪುಟ್ಟ ಜೀವಿಗಳು ನಾಶವಾದಾಗ ಅವಕ್ಕೆ ಆಹಾರ ಸಿಗಲಿಲ್ಲ ಅನ್ನುವುದು ಹಲವು ವಿಜ್ಞಾನಿಗಳ ಅಂದಾಜು. ಅಮೋನೈಟ್‌ನಂತೆಯೇ ಸುರುಳಿ ಚಿಪ್ಪಿನ ಕಡಲ ಪ್ರಾಣಿ ನಾಟಿಲಸ್ ದೊಡ್ಡ ಮೊಟ್ಟೆಯಿಂದ ದೊಡ್ಡದಾಗಿಯೇ ಹುಟ್ಟುತ್ತದೆ; ಅದು ಇವತ್ತಿಗೂ ಉಳಿದಿದೆ.

ಕರ್ನಾಟಕದಲ್ಲಿ ಹುಡುಕಿದರೆ ಅಮೋನೈಟ್ ಸಿಗುವುದು ಕಷ್ಟ. ನಮ್ಮ ದಕ್ಷಿಣದ ಬಂಡೆಗಳು ಹೆಚ್ಚಾಗಿ 250 ಕೋಟಿ ವರ್ಷಕ್ಕೂ ಹಳೆಯವು. ಉತ್ತರದ ಕಪ್ಪುಕಲ್ಲು ಲಾವಾದಿಂದ ಆದದ್ದು. ಹತ್ತಿರದಲ್ಲಿ ಅಂದರೆ ತಮಿಳುನಾಡಿನ ಅರಿಯಲೂರು, ಇನ್ನೂ ದೂರ ಹೋಗುವುದಾದರೆ ಗುಜರಾತಿನ ಕಛ್.