ಸಮುದ್ರಕ್ಕೆ ಕುಂಟೆ ಹೊಡೆಯುವ ಹಡಗು

ನೇವಿಯಿಂದ ರಿಟೈರ್ ಆಗಿ ಊರಿಗೆ ಬಂದ ಹೊಸದು. ಚಳ್ಳಕೆರೆ ಹತ್ತಿರದ ನಮ್ಮ ಹೊಲದ ಬದುವಿನ ಮೇಲೆ ಕೂತಿದ್ದಾಗ ಮಾವ ಕೇಳಿದರು, "ಅಲ್ಲಪ್ಪಾ, 15 ವರ್ಷ ಹಡಗಿನಾಗೆ ಇದ್ಯಲ್ಲ, ಏನ್ ಯುದ್ಧ ಮಾಡಿದೆ?"

"ಯುದ್ಧ ಎಲ್ಲಿ ಮಾವ, ಸಮುದ್ರಕ್ಕೆ ಕುಂಟೆ ಹೊಡೀತಿದ್ವಿ" ಅಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನಾನಿದ್ದದ್ದು ಮೈನ್ ಸ್ವೀಪರ್‌ನಲ್ಲಿ, ಅಂದರೆ ನೀರಿನೊಳಗೆ ಇಟ್ಟ ಬಾಂಬನ್ನು ಗುಡಿಸಿ ತೆಗೆಯುವ ಹಡಗು. ಹಳೇ ಕಾಲದ ಮೈನು ತಳದಲ್ಲಿ ಲಂಗರು ಹಾಕಿಕೊಂಡು, ಸರಪಳಿಗೆ ಕಟ್ಟಿದ ಬಲೂನಿನ ಹಾಗೆ ನೀರಿನ ನಡುವೆ ತೇಲುತ್ತದೆ. ಅದಕ್ಕೆ ಹಡಗಿನ ಹಿಂದೆ ಉದ್ದನೆಯ ಉಕ್ಕಿನ ಹಗ್ಗ ಎಳೆಯುತ್ತೇವೆ. ಹಗ್ಗದಲ್ಲಿ ಕತ್ತರಿಗಳಿರುತ್ತವೆ. ಸರಪಳಿ ತುಂಡಾದರೆ ಮೈನು ಮೇಲೆ ಬರುತ್ತದೆ, ಆಗ ಗುಂಡು ಹೊಡೆದು ಮುಗಿಸುವುದು. ಇದು ಸುಲಭದ್ದು.

ಕಷ್ಟದ್ದು ತಳದಲ್ಲಿ ಮಲಗಿರುವ ಮೈನು. ಮೇಲೆ ಹೋಗುವ ಹಡಗಿನ ಕಬ್ಬಿಣದ ಕಾಂತತ್ವವನ್ನೋ ಎಂಜಿನ್ ಸದ್ದನ್ನೋ ಗುರುತು ಹಿಡಿದು ಸಿಡಿಯುತ್ತದೆ. ನಾನು ಎಲೆಕ್ಟ್ರಿಕಲ್ ವಿಭಾಗದವನು, ನನ್ನ ಕೆಲಸ ಇಲ್ಲೇ. ಹಿಂದೆ ದಪ್ಪ ಕೇಬಲ್ ಬಿಟ್ಟು, ಅದರಲ್ಲಿ ಜೋರಾಗಿ ಕರೆಂಟ್ ಹರಿಸಿ, ದೊಡ್ಡ ಹಡಗೇ ಬಂತು ಅಂತ ಮೈನನ್ನು ನಂಬಿಸಬೇಕು. ನಾವು ದಾಟಿ ಹೋದ ಮೇಲೆ, ದೂರದಲ್ಲಿ ಅದು ಸಿಡಿಯಬೇಕು. ಬೋರ್‌ವೆಲ್ ಮೋಟರ್ ಕೇಬಲ್ ಜಾಯಿಂಟಿಗೆ ನೀರು ಇಳಿದು ಕೈ ಸುಟ್ಟುಕೊಂಡ ಯಾವ ದುರ್ಗದ ರೈತನಿಗೂ ನನ್ನ ಚಿಂತೆ ಗೊತ್ತಾಗುತ್ತದೆ. ನಮ್ಮದು ಉಪ್ಪುನೀರು ಬೇರೆ.

ಇನ್ನೊಂದು ಕಿತಾಪತಿ ಇದೆ. ಕೆಲವು ಮೈನುಗಳು ಎಣಿಸುತ್ತವೆ. ಆರು ಹಡಗು ಸುಮ್ನೆ ಬಿಟ್ಟು ಏಳನೆಯದಕ್ಕೆ ಸಿಡಿಯುವ ಹಾಗೆ ಇಡಬಹುದು. ಹಾಗಾಗಿ ಒಂದು ಸಲ ಓಡಾಡಿ ಸರಿಯಾಯ್ತು ಅನ್ನುವ ಹಾಗಿಲ್ಲ. ಹೊಲದಲ್ಲಿ ಹಿಂದಿನ ಪಟ್ಟಿಯ ಅಂಚಿಗೆ ಸ್ವಲ್ಪ ಹತ್ತಿಸಿಕೊಂಡೇ ಕುಂಟೆ ಹೊಡೆಯುತ್ತೇವೆ, ಇಲ್ಲಾಂದ್ರೆ ನಡುವೆ ಗೆರೆ ಬಿಟ್ಟು ಅಲ್ಲೇ ಕಳೆ ಏಳುತ್ತದೆ, ಅಲ್ವಾ? ಇಲ್ಲೂ ಅದೇ, ಅದೇ ನೀರಿನಲ್ಲಿ ಮತ್ತೆ ಮತ್ತೆ, ನಿಧಾನಕ್ಕೆ, ದಿನಗಟ್ಟಲೆ. ಈಗ ನೀರಿನಲ್ಲಿ ಸದ್ದು ಬಿಟ್ಟು ಅದರ ಮಾರ್ದನಿಯಿಂದ ಹುಡುಕುವ ಸೊನಾರ್‌ನಲ್ಲಿ ಒಂದೊಂದೇ ಹುಡುಕಿ, ಡೈವರನ್ನೋ ಚಿಕ್ಕ ಯಂತ್ರವನ್ನೋ ಇಳಿಸಿ ಸಿಡಿಸುವ ಬೇಟೆ ಹಡಗುಗಳು ಬಂದಿವೆ. ಅವೂ ನಿಧಾನವೇ.

ಇನ್ನು ಪರದೇಶದ ವಿಷಯ. ಈ ಹಡಗುಗಳು ಚಿಕ್ಕವು, ಕಾಂತತ್ವ ಕಡಿಮೆ ಇರಲಿ ಅಂತ ಎಷ್ಟೋ ದೇಶದವರು ಮರದಲ್ಲಿ, ಫೈಬರ್‌ನಲ್ಲಿ ಕಟ್ಟಿದ್ದಾರೆ. ತಮ್ಮ ಬಂದರಿನ ಬಾಯಿ ಕಾಯುವುದಕ್ಕೆ ಹುಟ್ಟಿದವು. ಆದರೆ ಮೈನು ಇಡುವವರು ನಮ್ಮ ಅನುಕೂಲ ನೋಡುವುದಿಲ್ಲ, ಎಣ್ಣೆ ಹಡಗು ಓಡಾಡುವ ಇಕ್ಕಟ್ಟಿನಲ್ಲೇ ಇಡುತ್ತಾರೆ. ಆಗ ಈ ಚಿಕ್ಕ ಹಡಗುಗಳೇ ಅಷ್ಟು ದೂರ ಹೋಗಬೇಕು. 1988ರ ಏಪ್ರಿಲ್‌ನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಯುದ್ಧನೌಕೆಗೆ ಇರಾನಿನ ಮೈನು ತಾಗಿ ಹೊಟ್ಟೆ ಸೀಳಿತು. ಆ ಮೈನಿನ ಮೂಲ ವಿನ್ಯಾಸ 1908ರದ್ದು!

1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿ ಗಲಾಟೆ ಶುರುವಾದಾಗ ಅಮೆರಿಕ ನಾಲ್ಕು ಸ್ವೀಪರ್‌ಗಳನ್ನು ಓಡಿಸಿಕೊಂಡು ಹೋಗಲಿಲ್ಲ. ಸೂಪರ್ ಸರ್ವೆಂಟ್ 3 ಎಂಬ ಭಾರಿ ಹಡಗಿನ ಬೆನ್ನ ಮೇಲೆ ಹೇರಿ ಕಳಿಸಿತು. ಭತ್ತದ ಸುಗ್ಗಿಯಲ್ಲಿ ಹರಿಹರದ ಕಡೆ ಕಟಾವು ಯಂತ್ರ ಲಾರಿ ಮೇಲೆ ಬರುತ್ತದಲ್ಲ, ಥೇಟ್ ಹಾಗೆ. ಆದರೂ 1991ರ ಫೆಬ್ರವರಿ 18ರಂದು ಒಂದೇ ದಿನ ಟ್ರಿಪೋಲಿ, ಪ್ರಿನ್ಸ್‌ಟನ್ ಎರಡೂ ಯುದ್ಧನೌಕೆಗಳು ಇರಾಕಿನ ಮೈನುಗಳಿಗೆ ಸಿಕ್ಕಿದವು.

ಜಪಾನಿನವರದು ನನಗೆ ಇಷ್ಟವಾದ ಕಥೆ. ಯುದ್ಧ ಮುಗಿದ ಮೇಲೆ, ಅದೇ ವರ್ಷ ಏಪ್ರಿಲ್ ಕೊನೆಗೆ ನಾಲ್ಕು ಮರದ ಸ್ವೀಪರ್, ಜೊತೆಗೆ ಎರಡು ಸಹಾಯದ ಹಡಗು ಹೊರಟವು. ಕೊಲ್ಲಿ ಮುಟ್ಟಲು ಸುಮಾರು ಒಂದು ತಿಂಗಳು. 500 ಟನ್ನಿನ ಹಡಗಿನಲ್ಲಿ ಒಂದು ತಿಂಗಳು ಅಂದರೆ ಏನು ಅಂತ ಹೊಟ್ಟೆ ತೊಳಸಿದವರನ್ನು ಕೇಳಬೇಕು. ಅಲ್ಲಿ 34 ಮೈನು ತೆಗೆದು, ಯಾರನ್ನೂ ಕಳೆದುಕೊಳ್ಳದೆ ವಾಪಸ್ ಬಂದರು.

ಬ್ರಿಟಿಷರು ಬೇರೆ ದಾರಿ ಹಿಡಿದರು. ಹಡಗನ್ನು ವರ್ಷಗಟ್ಟಲೆ ಬಹರೇನ್‌ನಲ್ಲೇ ಬಿಟ್ಟು, ಜನರನ್ನು ಮಾತ್ರ ವಿಮಾನದಲ್ಲಿ ಬದಲಾಯಿಸುವುದು. ಜಾಣತನದ ಲೆಕ್ಕವೇ. ಆದರೆ ಬಂದರಿನೊಳಗಿನ ಕಷ್ಟಕ್ಕೆ ಯಾವ ಲೆಕ್ಕವೂ ಇಲ್ಲ ನೋಡಿ, 2024ರ ಜನವರಿಯಲ್ಲಿ ಅಲ್ಲೇ ಅವರ ಮೈನ್ ಬೇಟೆ ಹಡಗು ಚಿಡ್ಡಿಂಗ್‌ಫೋಲ್ಡ್ ಹಿಂದಕ್ಕೆ ಬಂದು ತಮ್ಮದೇ ಇನ್ನೊಂದು ಹಡಗು ಬ್ಯಾಂಗರ್‌ಗೆ ಗುದ್ದಿತು. ಬ್ಯಾಂಗರ್ ಮೈಯಲ್ಲಿ ದೊಡ್ಡ ತೂತು. ಮೈನಿಗೆ ಹೆದರಿ ಕಟ್ಟಿದ ಹಡಗು, ಪಕ್ಕದ ಮನೆಯವನ ರಿವರ್ಸ್‌ಗೆ ಸಿಕ್ಕಿತು.

ನಮ್ಮಲ್ಲಿ? 1917ರಲ್ಲೇ ಜರ್ಮನಿಯ ವುಲ್ಫ್ ಹಡಗು ಬಾಂಬೆ ಹತ್ತಿರ ಮೈನು ಇಟ್ಟು ಹೋಗಿ ಮಂಗೋಲಿಯಾ ಎಂಬ ಪ್ರಯಾಣಿಕರ ಹಡಗು ಮುಳುಗಿತ್ತು. ಸೋವಿಯತ್ ದೇಶದಿಂದ ತಂದ 12 ಸ್ವೀಪರ್‌ಗಳು ನಮ್ಮ ಬಳಿ ಇದ್ದವು. ಕಾರವಾರದ ಹೆಸರಿನದು 2017ರಲ್ಲಿ ನಿವೃತ್ತಿಯಾಯಿತು, ಕೊನೆಯ ಕೋಳಿಕೋಡ್ 2019ರಲ್ಲಿ. ಇಷ್ಟು ಉದ್ದದ ಕರಾವಳಿ ಇಟ್ಟುಕೊಂಡು ಈ ಒಂದು ಕೆಲಸಕ್ಕೆ ಹಡಗಿಲ್ಲದ ಹಾಗೆ ಕೂತಿದ್ದು ನನಗೆ ಸರಿ ಕಾಣುವುದಿಲ್ಲ. 2025ರ ಜುಲೈನಲ್ಲಿ ಹೊಸ ಹಡಗುಗಳಿಗೆ ರಕ್ಷಣಾ ಖರೀದಿ ಮಂಡಳಿ ಮೊದಲ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆ ಅಂದರೆ ಹಡಗಲ್ಲ, ಕಟ್ಟಲು ವರ್ಷಗಳು ಬೇಕು. ಅಷ್ಟರಲ್ಲಿ ಆ ಕೇಬಲ್ಲನ್ನು ಕೈಯಲ್ಲಿ ಹಿಡಿದವರು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದಾರೆ. ನಾನಂತೂ ಮಾವನ ಜೊತೆ ಶೇಂಗಾ ಹೊಲದಲ್ಲಿದ್ದೇನೆ, ಈ ವಾರ ಬೋರಿನ ಕೇಬಲ್ ಮತ್ತೆ ಸುಟ್ಟಿದೆ.