ಎಫ್ ಕಾರ್ಡ್ ಯಾಕೆ ಅಷ್ಟು ನೋಯಿಸುತ್ತದೆ?

"ಬೊಟ್ಟು ಸುಲದ ಮ್ಯಾಲೇ ವಿದ್ಯಾ ಹತ್ತೋದು ತಮ್ಮಾ." ಬೆಳಗಾವಿ ಕಡೆ ಹೊಸದಾಗಿ ಗಿಟಾರ್ ಹಿಡಿದವರಿಗೆ ಯಾರಾದರೂ ಒಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬೆರಳ ತುದಿ ಸ್ವಲ್ಪ ಉರಿಯುವುದು ಸಹಜ, ಕೆಲವು ವಾರದಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಒಂದು ಹಿಡಿತ) ಹಿಡಿದಾಗ ನೋವು ಮಣಿಕಟ್ಟಿನವರೆಗೆ ಏರುತ್ತಿದ್ದರೆ, ಅಷ್ಟು ಒತ್ತಿದರೂ ತಂತಿ ದಬ್ ಅಂತ ಮಂದವಾಗಿ ನುಡಿದರೆ, ಮೊದಲು ಗಿಟಾರನ್ನು ಅನುಮಾನಿಸಿ. ಅದರ ತಲೆಯ ಹತ್ತಿರ ತಂತಿಗಳು ಹಾದುಹೋಗುವ ಒಂದು ಸಣ್ಣ ಬಿಳಿ ಪಟ್ಟಿ ಇರುತ್ತದಲ್ವಾ, ನಟ್ ಅಂತಾರೆ, ಕಡಿಮೆ ಬೆಲೆಯ ಗಿಟಾರಿನಲ್ಲಿ ಅದರ ಕಚ್ಚುಗಳನ್ನು ಎಷ್ಟೋ ಸಲ ಪೂರ್ತಿ ಕೊರೆದಿರುವುದಿಲ್ಲ. ತಂತಿ ಬೇಕಾದ್ದಕ್ಕಿಂತ ಮೇಲೆ ಕೂತಿರುತ್ತದೆ.

ಮನೆ ಮಾಳಿಗೆ ಮೇಲೆ ಬಟ್ಟೆ ಒಣಹಾಕುವ ತಂತಿಯನ್ನು ನಡುವೆ ಒತ್ತಿ ನೋಡಿ, ಸಲೀಸಾಗಿ ಬಗ್ಗುತ್ತದೆ. ಕಂಬದಿಂದ ಒಂದು ಗೇಣು ದೂರದಲ್ಲಿ ಅಷ್ಟೇ ಬಗ್ಗಿಸಲು ಹೋಗಿ, ಕೈ ಸೋಲುತ್ತದೆ. ಗಿಟಾರಿನಲ್ಲಿ ನಟ್ಟಿನಿಂದ ಸ್ಯಾಡಲ್‌ವರೆಗೆ (ಇನ್ನೊಂದು ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸುಮಾರು 650 ಮಿ.ಮೀ. ತಂತಿ. ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳಿಗೆ ಫ್ರೆಟ್ ಅಂತಾರೆ. 12ನೇ ಫ್ರೆಟ್ ತಂತಿಯ ನಟ್ಟನಡುವೆ. ಮೊದಲ ಫ್ರೆಟ್ ನಟ್ಟಿನಿಂದ ಬರೀ 36 ಮಿ.ಮೀ. ದೂರ. ಮಾಮೂಲಿ ಸ್ಟೀಲ್ ಸೆಟ್‌ನಲ್ಲಿ ಎಲ್ಲಕ್ಕಿಂತ ತೆಳು ತಂತಿಯ ಬಿಗಿ ಸುಮಾರು 10 ಕಿಲೋ. ಅದನ್ನು ನಡುವೆ 1 ಮಿ.ಮೀ. ಇಳಿಸಲು 65 ಗ್ರಾಂ ಒತ್ತಡ ಸಾಕು. ಮೊದಲ ಫ್ರೆಟ್ ಹತ್ತಿರ ಅದೇ 1 ಮಿ.ಮೀ.ಗೆ ಸುಮಾರು 300 ಗ್ರಾಂ ಬೇಕು, ಹೆಚ್ಚುಕಮ್ಮಿ ಐದು ಪಟ್ಟು. ಎಫ್ ಕಾರ್ಡಿನಲ್ಲಿ ತೋರುಬೆರಳು ಒಂದೇ ಆರೂ ತಂತಿ ಒತ್ತಬೇಕು. ಆರರ ಬಿಗಿ ಸೇರಿ 70 ಕಿಲೋ ದಾಟುತ್ತದೆ, ಹಾಗಾಗಿ ನಟ್ ಅರ್ಧ ಮಿ.ಮೀ. ಎತ್ತರ ಇದ್ದರೂ ಆ ಒಂದು ಬೆರಳಿಗೆ ಸುಮಾರು ಒಂದು ಕಿಲೋ ಹೆಚ್ಚುವರಿ ಹೊರೆ. ಹತ್ತು ಹನ್ನೆರಡು ವರ್ಷದ ಹುಡುಗಿಯ ಬೆರಳು ಇದನ್ನು ಎಲ್ಲಿಂದ ತಡೆಯಬೇಕು?

ಶ್ರುತಿಗೂ ಇದರಿಂದ ತೊಂದರೆ ಇದೆ. ಒತ್ತಿದಾಗ ತಂತಿ ಚೂರು ಹಿಗ್ಗುತ್ತದೆ, ಹಿಗ್ಗಿದರೆ ಸ್ವರ ಏರುತ್ತದೆ. ತಂತಿಯ ಎತ್ತರ ಎರಡು ಪಟ್ಟಾದರೆ ಹಿಗ್ಗುವುದು ನಾಲ್ಕು ಪಟ್ಟು. ಖಾಲಿ ತಂತಿ ಸರಿಯಾಗಿ ಟ್ಯೂನ್ ಆಗಿದ್ದರೂ ಕಾರ್ಡ್ ಹಿಡಿದರೆ ಅಪಸ್ವರ ಬರುವುದು ಇದರಿಂದಲೂ ಹೌದು. ಕಲಿಯುವವರು ಪಾಪ ತಮ್ಮ ಕಿವಿಯನ್ನೇ ಬೈದುಕೊಳ್ಳುತ್ತಾರೆ.

ತಂತಿಯ ವಿಷಯದಲ್ಲಿ ಮಂದಿ ಪರೀಕ್ಷೆ ಮಾಡದೆ ನಂಬಿದ್ದು ಇವತ್ತು ನಿನ್ನೆಯದಲ್ಲ. ತಂತಿಗೆ ಕಟ್ಟಿದ ತೂಕ ಎರಡರಷ್ಟು ಮಾಡಿದರೆ ಸ್ವರ ಒಂದು ಸಪ್ತಕ ಮೇಲೆ ಹೋಗುತ್ತದೆ ಎಂಬ ಕಥೆ ಪೈಥಾಗೊರಸ್‌ನ ಹೆಸರಲ್ಲಿ ಸಾವಿರಕ್ಕೂ ಜಾಸ್ತಿ ವರ್ಷ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಬಂತು. 16ನೇ ಶತಮಾನದ ಕೊನೆಯಲ್ಲಿ ವಿಂಚೆಂಜೊ ಗೆಲಿಲಿ ಎಂಬ ಲ್ಯೂಟ್ (ಯುರೋಪಿನ ಹಳೆಯ ತಂತಿವಾದ್ಯ) ವಾದಕ ನಿಜವಾಗಿ ತೂಕ ಕಟ್ಟಿ ನೋಡಿದ. ಬೇಕಾದ್ದು ಎರಡರಷ್ಟಲ್ಲ, ನಾಲ್ಕರಷ್ಟು! ಈತ ದೂರದರ್ಶಕದ ಗೆಲಿಲಿಯೋನ ಅಪ್ಪ. 1636ರಲ್ಲಿ ಫ್ರಾನ್ಸಿನ ಮರಾನ್ ಮೆರ್ಸೆನ್ ಇದಕ್ಕೆಲ್ಲ ಸೂತ್ರ ಕೊಟ್ಟ: ತಂತಿಯ ಉದ್ದ, ಬಿಗಿ, ತೂಕ ಈ ಮೂರೂ ಸೇರಿ ಸ್ವರ ತೀರ್ಮಾನ ಮಾಡುತ್ತವೆ.

ಅಂಗಡಿಯಲ್ಲಿ ಉಪಯೋಗಕ್ಕೆ ಬರುವುದು ಇದೇ ಸೂತ್ರ. ತೆಳು ತಂತಿ ಹಗುರ, ಅದೇ ಸ್ವರಕ್ಕೆ ಕಡಿಮೆ ಬಿಗಿ ಸಾಕು. 12ರ ಸೆಟ್ (ಎಲ್ಲಕ್ಕಿಂತ ತೆಳು, ಅಂದರೆ ಮೊದಲ ತಂತಿ 0.012 ಇಂಚು ದಪ್ಪದ್ದು) ತೆಗೆದು 10ರದ್ದು (0.010 ಇಂಚು) ಹಾಕಿದರೆ ಮೊದಲ ತಂತಿಯ ಬಿಗಿ 30 ಪ್ರತಿಶತ ಇಳಿಯುತ್ತದೆ. ದನಿ ಸ್ವಲ್ಪ ಸಣ್ಣದಾಗುತ್ತದೆ ನಿಜ. ಕಲಿಯುವಾಗ ಅದು ದೊಡ್ಡ ನಷ್ಟವಲ್ಲ.

ಮರದ ಮಾತಿಗೆ ಬರೋಣ. "ಹಿಂದಿನ ಹಲಗೆ ಬೀಟೆ ಮರದ್ದು, ಅದಕ್ಕೇ ಈ ರೇಟು" ಅಂದರೆ ಒಪ್ಪಬೇಡಿ. ಸ್ಪೇನಿನ ಆಂಟೋನಿಯೊ ದೆ ಟೊರ್ರೆಸ್ 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದ್ದ. ದನಿಯ ಜೀವ ಮುಂದಿನ ಹಲಗೆಯಲ್ಲಿದೆ ಎಂದು ತೋರಿಸಲು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಹಿಂಬದಿ, ಪಕ್ಕದ ಮರ ಮಾತ್ರ ಬೇರೆ ಬೇರೆ ಇದ್ದ ಆರು ಗಿಟಾರುಗಳನ್ನು 52 ವಾದಕರಿಗೆ ಕಣ್ಣಿಗೆ ಕಾಣದಂತೆ ಮಾಡಿ ನುಡಿಸಲು ಕೊಟ್ಟರು. ದುಬಾರಿ ಮರ, ಅಗ್ಗದ ಮರ ಅಂತ ದನಿಯ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ.

ಇನ್ನು ಪ್ಲೈವುಡ್ ಗಿಟಾರ್ ಅಂದರೆ ಮೂಗು ಮುರಿಯುವವರಿದ್ದಾರೆ. ನಮ್ಮ ಹವೆಗೆ ಅದೇ ಅನುಕೂಲ. ಬೆಳಗಾವಿಯ ಮಳೆಗಾಲದಲ್ಲಿ ಇಡೀ ಮರದ ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ವಿಜಯಪುರದ ಮೇ ತಿಂಗಳಲ್ಲಿ ಅದೇ ಮರ ಒಣಗಿ ಕುಗ್ಗಿ, ಫ್ರೆಟ್ ತುದಿಗಳು ಹೊರಬಂದು ಕೈಗೆ ಚುಚ್ಚುತ್ತವೆ, ಹಲಗೆ ಬಿರಿಯಲೂಬಹುದು. ಪ್ಲೈವುಡ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಉಬ್ಬುವುದು, ಕುಗ್ಗುವುದು ಕಡಿಮೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಯಾವ ಗಿಟಾರನ್ನೂ ಬಿಡಬೇಡಿ, ಅಂಟು ಮೆತ್ತಗಾಗುತ್ತದೆ.

ಹಾಗಾಗಿ ಬೆಳಗಾವಿಯ ಖಡೇಬಜಾರಿಗೆ ಹೋಗುವಾಗ ಜೇಬಿನಲ್ಲಿ ಒಂದು ಸ್ಟೀಲ್ ಪಟ್ಟಿ ಇರಲಿ. 12ನೇ ಫ್ರೆಟ್ ಮೇಲಿಂದ ದಪ್ಪ ತಂತಿಯ ತಳದವರೆಗೆ ಅಳೆಯಿರಿ. 2.5 ಮಿ.ಮೀ. ಆಸುಪಾಸು ಇದ್ದರೆ ಚೆನ್ನ, 4 ಇದ್ದರೆ ಬೇಡ. ಆಮೇಲೆ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ಉಳಿದ ಸಂದಿ ನೋಡಿ. ತೆಳು ಕಾಗದದಷ್ಟಿರಬೇಕು. ಸಂದಿ ಎದ್ದು ಕಂಡರೆ ನಟ್ ಎತ್ತರ ಇದೆ ಎಂದೇ ಅರ್ಥ. ಟ್ಯೂನರ್‌ಗೆ ದುಡ್ಡು ಸುರಿಯಬೇಡಿ, ಫೋನಿನ ಆಪ್ ಸಾಕು. ಆ ದುಡ್ಡನ್ನು 10ರ ಸೆಟ್ ತಂತಿಗೂ ನಟ್ ರಿಪೇರಿಗೂ ಇಟ್ಟುಕೊಳ್ಳಿ.

ಸ್ಯಾಡಲ್ ಮನೆಯಲ್ಲೇ ಉಜ್ಜಬಹುದು. ತಳದಲ್ಲಿ 1 ಮಿ.ಮೀ. ತೆಗೆದರೆ 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯುತ್ತದೆ, ಅಳತೆ ನೋಡುತ್ತಾ ನಿಧಾನ ಮಾಡಿ. ನಟ್ಟಿನ ಕಚ್ಚು ಕೊರೆಯುವುದನ್ನು ಮಾತ್ರ ಕೈ ಪಳಗಿದವರಿಗೇ ಬಿಡಿ. ಕೂದಲೆಳೆಯಷ್ಟು ಜಾಸ್ತಿ ಇಳಿದರೂ ತಂತಿ ಮೊದಲ ಫ್ರೆಟ್‌ಗೆ ತಾಗಿ ಝರ್ರ್ ಅನ್ನುತ್ತದೆ, ಆಮೇಲೆ ಹೊಸ ನಟ್ಟೇ ಹಾಕಿಸಬೇಕಾಗುತ್ತದೆ.